ತೆರಿಗೆಯ ಪರ, ತೆರಿಗೆಯ ವಿರುದ್ಧ: ಅಮೆರಿಕದ ಶಾಲಾ ಲೆವಿಯ ಲೆಕ್ಕ

ಅಮೆರಿಕದ ಒಹಾಯೊ ರಾಜ್ಯದ ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರೆಲ್ಲ ಮುಗಿದ ಮೇಲೆ, ಅನೇಕರು ಕಣ್ಣಾಡಿಸಿ ಬಿಟ್ಟುಬಿಡುವ ಒಂದು ಪ್ಯಾರಾ ಇರುತ್ತದೆ. ಇಂತಿಂಥ ಶಾಲಾ ಜಿಲ್ಲೆಯ ದೈನಂದಿನ ವೆಚ್ಚಕ್ಕಾಗಿ, ಇಷ್ಟು ಮಿಲ್ ದರದಲ್ಲಿ, ಇಷ್ಟು ವರ್ಷಗಳ ಅವಧಿಗೆ ಹೆಚ್ಚುವರಿ ತೆರಿಗೆ, ಅಂದರೆ ಲೆವಿ, ವಿಧಿಸಬಹುದೇ ಎಂದು ಕೇಳುವ ಆ ಪ್ಯಾರಾದ ಕೆಳಗೆ ಎರಡೇ ಆಯ್ಕೆಗಳು: ತೆರಿಗೆಯ ಪರ, ತೆರಿಗೆಯ ವಿರುದ್ಧ. ಊರಿನ ಶಾಲೆಯಲ್ಲಿ ಮುಂದಿನ ವರ್ಷ ಸಂಗೀತದ ಮೇಷ್ಟರು ಇರುತ್ತಾರೋ ಇಲ್ಲವೋ, ಒಂದನೆಯ ತರಗತಿಯಲ್ಲಿ ಇಪ್ಪತ್ತು ಮಕ್ಕಳಿರುತ್ತಾರೋ ಇಪ್ಪತ್ತೆಂಟೋ ಎಂಬುದನ್ನು ತೀರ್ಮಾನಿಸುವ ಪ್ರಶ್ನೆ ಇಷ್ಟು ಒಣ ಭಾಷೆಯಲ್ಲಿ ಬರುವುದರಿಂದಲೋ ಏನೋ, ಅದರ ಸುತ್ತ ನಡೆಯುವ ವಾದಗಳಲ್ಲಿ ಕಾವು ಹೆಚ್ಚು, ಲೆಕ್ಕ ಕಡಿಮೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಪ್ರಸ್ತಾವಗಳಲ್ಲಿ ಹೆಚ್ಚಿನವಕ್ಕೆ ಬೆಂಬಲ ಕೊಡುವುದು ಸರಿ ಎಂದು ನನಗೆ ಅನ್ನಿಸುತ್ತದೆ. ಆದರೆ ಅದಕ್ಕೆ ನನ್ನ ಕಾರಣ, ಮಕ್ಕಳ ನಗುಮುಖ ಅಚ್ಚು ಹಾಕಿದ ಪ್ರಚಾರದ ಕರಪತ್ರಗಳು ಕೊಡುವ ಕಾರಣವಲ್ಲ. ಮತಪತ್ರ ಯಾವುದನ್ನು ಹೆಚ್ಚಳ ಎಂದು ಕರೆಯುತ್ತದೋ ಅದು ಬಹಳ ಸಲ, ಸದ್ದಿಲ್ಲದೆ ಕರಗಿಹೋದದ್ದನ್ನು ಮತ್ತೆ ತುಂಬಿಕೊಳ್ಳುವ ಪ್ರಯತ್ನವಾಗಿರುತ್ತದೆ. ಇದನ್ನು ಕಾಣಬೇಕಾದರೆ ಹಣ ಎಲ್ಲಿಂದ ಬರುತ್ತದೆ, ಎಲ್ಲಿ ಸೋರುತ್ತದೆ ಎಂಬುದನ್ನು ಸ್ವಲ್ಪ ತಾಳ್ಮೆಯಿಂದ ನೋಡಬೇಕಾಗುತ್ತದೆ.

ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣ ಎಂಬ ಪದವೇ ಇಲ್ಲ. ಹಾಗಾಗಿ ಅದು ರಾಜ್ಯಗಳ ಹೊಣೆಯಾಯಿತು, ರಾಜ್ಯಗಳು ಅದರ ಬಹುಭಾಗವನ್ನು ಊರುಗಳ ಹೆಗಲಿಗೆ ದಾಟಿಸಿದವು. ಇಂದು ಆ ದೇಶದಲ್ಲಿ ಸುಮಾರು 13,000 ಶಾಲಾ ಜಿಲ್ಲೆಗಳಿವೆ. ಇವು ನಮಗೆ ಪರಿಚಿತವಾದ ಕಂದಾಯ ಜಿಲ್ಲೆಗಳಂತಲ್ಲ. ಕೆಲವು ಒಂದೇ ಊರಿನಷ್ಟು ಚಿಕ್ಕವು, ಹೆಚ್ಚಿನವಕ್ಕೆ ಜನರೇ ಆರಿಸಿದ ಆಡಳಿತ ಮಂಡಳಿ ಇರುತ್ತದೆ, ಅನೇಕ ಕಡೆ ತೆರಿಗೆ ವಿಧಿಸುವ ಅಧಿಕಾರವೂ ಆ ಮಂಡಳಿಗೇ ಇರುತ್ತದೆ. ಹವಾಯಿ ಒಂದು ಅಪವಾದ: ಇಡೀ ರಾಜ್ಯಕ್ಕೆ ಒಂದೇ ಜಿಲ್ಲೆ. ಸರ್ಕಾರಿ ಶಾಲೆಗಳಿಗೆ ಬರುವ ಒಟ್ಟು ಹಣದಲ್ಲಿ ಕೇಂದ್ರ ಸರ್ಕಾರದ ಪಾಲು ಸಾಮಾನ್ಯವಾಗಿ ಹತ್ತರಲ್ಲಿ ಒಂದು ಭಾಗದ ಆಸುಪಾಸು. ಉಳಿದದ್ದನ್ನು ರಾಜ್ಯಗಳೂ ಸ್ಥಳೀಯರೂ ದೇಶದ ಸರಾಸರಿಯಲ್ಲಿ ಹೆಚ್ಚುಕಡಿಮೆ ಸಮನಾಗಿ ಹೊರುತ್ತಾರೆ. ಸ್ಥಳೀಯರ ಆ ಪಾಲಿನ ಬಹುಭಾಗ ಬರುವುದು ಮನೆ, ಅಂಗಡಿ, ಕಾರ್ಖಾನೆ, ಜಮೀನುಗಳ ಮೇಲಿನ ಆಸ್ತಿ ತೆರಿಗೆಯಿಂದ. ಕೇಂದ್ರದ ಪಾಲು ಇಷ್ಟು ಕಡಿಮೆ ಇರುವುದಕ್ಕೂ ಊರಿನ ತೆರಿಗೆಗೂ ನೇರ ಸಂಬಂಧವಿದೆ. ಅಂಗವೈಕಲ್ಯವುಳ್ಳ ಮಕ್ಕಳಿಗೆ ತಕ್ಕ ಶಿಕ್ಷಣ ಕೊಡಲೇಬೇಕೆಂದು 1975ರಲ್ಲಿ ಕಾನೂನು ಮಾಡಿದಾಗ, ಆ ಮಕ್ಕಳಿಗಾಗಿ ತಲಾ ಸರಾಸರಿ ವೆಚ್ಚದ ಶೇ. 40ರಷ್ಟನ್ನು ತಾನು ಕೊಡುವ ಗುರಿಯನ್ನು ಕೇಂದ್ರ ಹಾಕಿಕೊಂಡಿತ್ತು. ಆ 40ನ್ನು ಅದು ಒಂದು ವರ್ಷವೂ ಮುಟ್ಟಿಲ್ಲ. ಕಾನೂನು ಮಾತ್ರ ಕಡ್ಡಾಯವಾಗಿಯೇ ಇದೆ, ಕೊರತೆ ಬಿದ್ದದ್ದು ರಾಜ್ಯದ ಮತ್ತು ಊರಿನ ಬೊಕ್ಕಸಕ್ಕೆ.

ಈಗ ಮಿಲ್ ಎಂಬ ಪದಕ್ಕೆ ಬರೋಣ. ಮಿಲ್ ಎಂದರೆ ಸಾವಿರದಲ್ಲಿ ಒಂದು ಪಾಲು; ತೆರಿಗೆಗೆ ಒಳಪಡುವ ಪ್ರತಿ 1,000 ಡಾಲರ್ ಮೌಲ್ಯಕ್ಕೆ 1 ಡಾಲರ್ ತೆರಿಗೆ ಬಿದ್ದರೆ ಅದು ಒಂದು ಮಿಲ್. ಇಲ್ಲೊಂದು ಸೂಕ್ಷ್ಮವಿದೆ. ತೆರಿಗೆಗೆ ಒಳಪಡುವ ಮೌಲ್ಯ ಎಂದರೆ ಎಲ್ಲ ರಾಜ್ಯಗಳಲ್ಲೂ ಮನೆಯ ಪೂರ್ತಿ ಬೆಲೆ ಎಂದರ್ಥವಲ್ಲ. ಒಹಾಯೊದಲ್ಲಿ ಅದು ಬೆಲೆಯ ಶೇ. 35 ಮಾತ್ರ. ಕೌಂಟಿಯ ಆಡಿಟರ್ 2,00,000 ಡಾಲರ್ ಎಂದು ಬೆಲೆ ಕಟ್ಟಿದ ಮನೆಗೆ ತೆರಿಗೆಯ ಲೆಕ್ಕ ಹಾಕುವುದು 70,000 ಡಾಲರ್ ಮೇಲೆ. ಶಾಲಾ ಮಂಡಳಿ 5 ಮಿಲ್ ಹೊಸ ಲೆವಿ ಕೇಳಿದರೆ ಆ ಮನೆಯ ಮಾಲೀಕರಿಗೆ ಬೀಳುವ ಹೆಚ್ಚುವರಿ ಹೊರೆ ವರ್ಷಕ್ಕೆ 350 ಡಾಲರ್, ಅಂದರೆ ತಿಂಗಳಿಗೆ 29 ಡಾಲರ್ ಚಿಲ್ಲರೆ. ಮನೆಯ ಪೂರ್ತಿ ಬೆಲೆಗೇ 5 ಮಿಲ್ ಹಾಕಿ 1,000 ಡಾಲರ್ ಎಂದು ಗಾಬರಿಯಾಗುವವರು ಎಷ್ಟೋ ಮಂದಿ. ಈ ಗೊಂದಲ ತಪ್ಪಿಸುವುದಕ್ಕಾಗಿಯೇ, ಆಡಿಟರ್ ಕಟ್ಟಿದ ಬೆಲೆಯ ಪ್ರತಿ 1,00,000 ಡಾಲರಿಗೆ ಎಷ್ಟು ತೆರಿಗೆ ಬೀಳುತ್ತದೆ ಎಂಬುದನ್ನು ಮತಪತ್ರದಲ್ಲೇ ಡಾಲರ್ ಲೆಕ್ಕದಲ್ಲಿ ಅಚ್ಚು ಹಾಕಬೇಕೆಂಬ ನಿಯಮ ಇತ್ತೀಚಿನ ವರ್ಷಗಳಲ್ಲಿ ಬಂದಿದೆ. ನನ್ನ ಪ್ರಕಾರ ಯಾವ ಪ್ರಚಾರ ಭಾಷಣಕ್ಕಿಂತಲೂ ಆ ಒಂದು ಸಾಲು ಹೆಚ್ಚು ಉಪಯುಕ್ತ.

ಸೋರಿಕೆಯ ಕತೆ ಶುರುವಾಗುವುದು ಇದರ ನಂತರ. ಮನೆಗಳ ಬೆಲೆ ಏರಿದಂತೆ ಶಾಲೆಗೆ ಬರುವ ತೆರಿಗೆಯೂ ತಾನಾಗಿಯೇ ಏರುತ್ತದಲ್ಲ, ಮತ್ತೆ ಮತ್ತೆ ಏಕೆ ಕೇಳುತ್ತಾರೆ ಎಂಬ ಪ್ರಶ್ನೆ ಯಾರಿಗಾದರೂ ಬರುವಂಥದೇ. ಒಹಾಯೊದಲ್ಲಿ ಅದಕ್ಕೆ ಉತ್ತರ, 1976ರಲ್ಲಿ ಬಂದ ಹೌಸ್ ಬಿಲ್ 920 ಎಂಬ ಕಾಯಿದೆಯಲ್ಲಿದೆ. ಹಣದುಬ್ಬರದಿಂದ ಮನೆಗಳ ಬೆಲೆ ನೆಗೆಯುತ್ತಿದ್ದ ಕಾಲದಲ್ಲಿ ಮಾಲೀಕರಿಗೆ ರಕ್ಷಣೆ ಕೊಡಲು ಮಾಡಿದ ಈ ಕಾಯಿದೆಯ ತಿರುಳು ಇಷ್ಟು: ಮತದಾರರು ಒಪ್ಪಿದ ಲೆವಿಯೊಂದು ಮೊದಲ ವರ್ಷ ಈಗಿರುವ ಆಸ್ತಿಗಳಿಂದ ಎಷ್ಟು ಡಾಲರ್ ತರುತ್ತದೆಯೋ, ಮರುಮೌಲ್ಯಮಾಪನದಲ್ಲಿ ಬೆಲೆ ಎಷ್ಟೇ ಏರಿದರೂ ಆ ಆಸ್ತಿಗಳಿಂದ ಅಷ್ಟೇ ಡಾಲರ್ ತರಬೇಕು. ಬೆಲೆ ಏರಿದಷ್ಟೂ ದರ ತಾನಾಗಿಯೇ ಇಳಿಯುತ್ತದೆ. ಮತಪತ್ರದಲ್ಲಿ 5 ಮಿಲ್ ಎಂದು ಒಪ್ಪಿದ್ದು ಕೆಲವು ವರ್ಷಗಳ ಬಳಿಕ ವಾಸ್ತವದಲ್ಲಿ ನಾಲ್ಕೋ ಮೂರೋ ಮಿಲ್ ಆಗಿರುತ್ತದೆ. ಹೊಸದಾಗಿ ಕಟ್ಟಿದ ಮನೆ, ಕಟ್ಟಡಗಳಿಂದ ಮಾತ್ರ ಹೊಸ ಹಣ ಬರುತ್ತದೆ. 1980ರಲ್ಲಿ ಈ ತತ್ವಕ್ಕೆ ರಾಜ್ಯದ ಸಂವಿಧಾನದಲ್ಲೂ ಜಾಗ ಸಿಕ್ಕಿತು.

ಒಂದು ಕಾಲ್ಪನಿಕ ಜಿಲ್ಲೆಯನ್ನು ಇಟ್ಟುಕೊಂಡು ಇದನ್ನು ಬಿಡಿಸಿ ನೋಡಬಹುದು. ಒಂದು ಲೆವಿ ವರ್ಷಕ್ಕೆ 10 ಲಕ್ಷ ಡಾಲರ್ ತರುತ್ತಿದೆ, ಹಣದುಬ್ಬರ ವರ್ಷಕ್ಕೆ ಶೇ. 3 ಇದೆ ಎಂದುಕೊಳ್ಳಿ. ಹತ್ತು ವರ್ಷಗಳ ನಂತರವೂ ಶಾಲೆಯ ಖಾತೆಗೆ ಬೀಳುವುದು ಅದೇ 10 ಲಕ್ಷ, ಆದರೆ ಅದರಿಂದ ಕೊಳ್ಳಬಹುದಾದದ್ದು ಮೊದಲಿನ ಸುಮಾರು 7,44,000 ಡಾಲರಿನಷ್ಟು ಮಾತ್ರ. ಕಾಲು ಭಾಗ ಮಾಯವಾಗಿದೆ, ಯಾರೂ ಕದ್ದಿಲ್ಲ. ಈ ನಡುವೆ ಬಸ್ಸಿನ ಡೀಸೆಲ್, ಸಿಬ್ಬಂದಿಯ ಆರೋಗ್ಯ ವಿಮೆ, ಚಳಿಗಾಲದಲ್ಲಿ ಕಟ್ಟಡ ಬಿಸಿ ಮಾಡುವ ಖರ್ಚು ಯಾವುದೂ ನಿಂತಲ್ಲಿ ನಿಂತಿರುವುದಿಲ್ಲ. ಶಾಲೆಯ ಚಾಲ್ತಿ ವೆಚ್ಚದ ಐದರಲ್ಲಿ ನಾಲ್ಕು ಪಾಲು ಸಂಬಳ ಮತ್ತು ಸೌಲಭ್ಯಗಳಿಗೇ ಹೋಗುವುದರಿಂದ, ದುಂದು ತಗ್ಗಿಸಿ ಎಂಬ ಸಲಹೆ ಕೊನೆಗೆ ಆಳುಗಳನ್ನು ತಗ್ಗಿಸಿ ಎಂದೇ ಆಗುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಮಂಡಳಿ ಮತ್ತೆ ಮತದಾರರ ಬಾಗಿಲಿಗೆ ಬರುವುದು ಹೀಗೆ. ಅದನ್ನು ನೋಡಿದವರು ಎಷ್ಟು ಕೊಟ್ಟರೂ ಇವರ ಹೊಟ್ಟೆ ತುಂಬದು ಎನ್ನುತ್ತಾರೆ. ಪಾತ್ರೆಯ ತಳದಲ್ಲಿ ತೂತು ಕೊರೆದಿಟ್ಟವರು ಯಾರು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಇದಕ್ಕೆ ಒಂದು ಅಪವಾದವನ್ನು ಹೇಳದೆ ಹೋದರೆ ಲೆಕ್ಕ ಅಪ್ರಾಮಾಣಿಕವಾಗುತ್ತದೆ. ದೈನಂದಿನ ವೆಚ್ಚದ ತೆರಿಗೆಯ ದರ 20 ಮಿಲ್‌ಗಿಂತ ಕೆಳಗೆ ಇಳಿಯಕೂಡದು ಎಂಬ ತಳಮಟ್ಟವೊಂದು ಅದೇ ಕಾನೂನಿನಲ್ಲಿತ್ತು. ಆ ತಳವನ್ನು ಮುಟ್ಟಿದ ಜಿಲ್ಲೆಗಳಲ್ಲಿ ಬೆಲೆ ಏರಿದಂತೆ ತೆರಿಗೆಯೂ ಏರುತ್ತಿತ್ತು. ಕೋವಿಡ್ ನಂತರ ಮನೆಗಳ ಬೆಲೆ ಒಮ್ಮೆಲೇ ಹಾರಿದಾಗ ಅಂಥ ಕಡೆಯ ಮಾಲೀಕರು ಮತವನ್ನೇ ಹಾಕದೆ ದೊಡ್ಡ ಬಿಲ್ಲುಗಳನ್ನು ಕಂಡರು, ಅವರ ಸಿಟ್ಟಿಗೆ ಕಾರಣವಿತ್ತು. ಹೀಗಾಗಿ ಒಹಾಯೊದಲ್ಲಿ ಲೆವಿಯ ಪರವೋ ವಿರುದ್ಧವೋ ಮಾತನಾಡುವ ಮೊದಲು ನಮ್ಮ ಜಿಲ್ಲೆ ತಳದಲ್ಲಿದೆಯೇ ಎಂದು ಕೇಳಬೇಕಾಗುತ್ತದೆ.

ಬೇರೆ ರಾಜ್ಯಗಳಲ್ಲಿ ಬೀಗದ ಆಕಾರ ಬೇರೆ. ಕ್ಯಾಲಿಫೋರ್ನಿಯದಲ್ಲಿ ಹೋವರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಮುಂದಾಳುತನದಲ್ಲಿ 1978ರ ಜೂನ್ 6ರಂದು ಗೆದ್ದ ಪ್ರೊಪೊಸಿಷನ್ 13, ಆಸ್ತಿ ತೆರಿಗೆಯನ್ನು ಮೌಲ್ಯದ ಶೇ. 1ಕ್ಕೆ ಕಟ್ಟಿಹಾಕಿತು, ಆಸ್ತಿ ಕೈ ಬದಲಾಗುವ ತನಕ ಆ ಮೌಲ್ಯವೂ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ವಿಶೇಷ ತೆರಿಗೆಗೆ ಮೂರರಲ್ಲಿ ಎರಡು ಪಾಲು ಮತ ಬೇಕು. ಮ್ಯಾಸಚೂಸೆಟ್ಸ್ 1980ರಲ್ಲಿ, ಊರಿನ ಒಟ್ಟು ಆಸ್ತಿ ತೆರಿಗೆ ವರ್ಷಕ್ಕೆ ಶೇ. 2.5ಕ್ಕಿಂತ ಹೆಚ್ಚು ಬೆಳೆಯಬೇಕಾದರೆ ಜನರ ಒಪ್ಪಿಗೆ ಬೇಕೆಂದಿತು. ನ್ಯೂಯಾರ್ಕ್ 2011ರಲ್ಲಿ ಶೇ. 2 ಅಥವಾ ಹಣದುಬ್ಬರದ ದರ, ಇವೆರಡರಲ್ಲಿ ಕಡಿಮೆಯದನ್ನು ಆಧರಿಸಿದ ಮಿತಿ ಹಾಕಿತು, ದಾಟಬೇಕಾದರೆ ಶೇ. 60 ಮತ. ವಿಸ್ಕಾನ್ಸಿನ್‌ನಲ್ಲಿ 1993ರಿಂದ ಪ್ರತಿ ವಿದ್ಯಾರ್ಥಿಗೆ ಇಷ್ಟೇ ಆದಾಯ ಎಂಬ ಮಿತಿ ಇದೆ, ಅದು ಹಣದುಬ್ಬರದ ಜೊತೆ ತಾನಾಗಿ ಏರುವುದು 2009ರಲ್ಲಿ ನಿಂತುಹೋಯಿತು. ಅಲ್ಲಿನ ಗವರ್ನರ್ ಟೋನಿ ಎವರ್ಸ್ 2023ರಲ್ಲಿ, ವರ್ಷಕ್ಕೆ ತಲಾ 325 ಡಾಲರ್ ಏರಿಕೆಯನ್ನು 2024–25ರ ತನಕ ಅನುಮತಿಸುವ ಮಸೂದೆಯಲ್ಲಿ 20 ಎಂಬ ಅಂಕಿಯನ್ನೂ ಅಡ್ಡಗೆರೆಯನ್ನೂ ಹೊಡೆದುಹಾಕಿ 2425ನೆಯ ಇಸವಿಯ ತನಕ ಎಂದು ಮಾಡಿಬಿಟ್ಟರು. ನಾಲ್ಕು ಶತಮಾನಗಳ ಏರಿಕೆಯನ್ನು ಒಂದು ಗೀಟಿನಲ್ಲಿ ಬರೆದ ಆ ಚಾತುರ್ಯವನ್ನು ನೋಡಿ ನಗು ಬಂದರೂ, ರಾಜ್ಯ ತನ್ನ ಅನುದಾನ ಹೆಚ್ಚಿಸದಿದ್ದರೆ ಆ 325 ಡಾಲರ್ ಬರಬೇಕಾದ್ದು ಊರಿನವರ ಆಸ್ತಿ ತೆರಿಗೆಯಿಂದಲೇ ಎಂಬುದು ನೆನಪಾದಾಗ ನಗು ಅಲ್ಲಿಗೇ ನಿಲ್ಲುತ್ತದೆ.

ಒಪ್ಪಿಗೆ ಸಿಗದಿದ್ದರೆ ಏನಾಗುತ್ತದೆ? ಮಿಶಿಗನ್ ರಾಜ್ಯದ ಉತ್ತರ ಭಾಗದ ಕಲ್ಕಾಸ್ಕಾ ಎಂಬ ಊರಿನ ಹೆಸರು 1993ರಲ್ಲಿ ಇಡೀ ದೇಶದ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಮತದಾರರು ಶಾಲಾ ತೆರಿಗೆಯ ಪ್ರಸ್ತಾವವನ್ನು ಮತ್ತೆ ಮತ್ತೆ ತಿರಸ್ಕರಿಸಿದ ಮೇಲೆ ಅಲ್ಲಿನ ಮಂಡಳಿ, ಇರುವ ಹಣದಲ್ಲಿ ಒಂದು ವರ್ಷವನ್ನು ಕುಂಟುತ್ತಾ ಮುಗಿಸುವ ಬದಲು, ಹಣ ಮುಗಿಯುವ ತನಕ ಸರಿಯಾಗಿ ಪಾಠ ನಡೆಸಿ ಮಾರ್ಚ್ ತಿಂಗಳಲ್ಲೇ ಶಾಲೆಗಳಿಗೆ ಬೀಗ ಹಾಕಿತು. ಬೇಸಿಗೆ ರಜೆಗೆ ಇನ್ನೂ ಹತ್ತು ವಾರಗಳಿದ್ದವು. ಇದು ಒತ್ತಡ ತರುವ ತಂತ್ರ ಎಂದು ದೂರಿದವರಿದ್ದರು, ಅದರಲ್ಲಿ ಸ್ವಲ್ಪ ಹುರುಳಿರಲೂಬಹುದು. ಆದರೆ ಪರಿಣಾಮ ಊರಿನ ಗಡಿಯನ್ನು ದಾಟಿತು. ಅದೇ ವರ್ಷದ ಜುಲೈನಲ್ಲಿ ಮಿಶಿಗನ್ ಶಾಸಕಾಂಗ, ಶಾಲೆ ನಡೆಸಲು ಆಸ್ತಿ ತೆರಿಗೆಯನ್ನು ಬಳಸುವುದನ್ನೇ, ಬದಲಿ ದಾರಿ ಇನ್ನೂ ಕೈಯಲ್ಲಿಲ್ಲದಿದ್ದರೂ, ರದ್ದು ಮಾಡಿತು. 1994ರ ಮಾರ್ಚ್ 15ರಂದು ಜನರು ಪ್ರೊಪೋಸಲ್ ಎ ಎಂಬ ತಿದ್ದುಪಡಿಯನ್ನು ಒಪ್ಪಿ, ಮಾರಾಟ ತೆರಿಗೆಯನ್ನು ಶೇ. 4ರಿಂದ 6ಕ್ಕೆ ಏರಿಸಿ, ಶಾಲೆಗಳ ದೈನಂದಿನ ಖರ್ಚಿನ ಮುಖ್ಯ ಹೊಣೆಯನ್ನು ರಾಜ್ಯಕ್ಕೆ ವಹಿಸಿದರು. ಕಟ್ಟಡಗಳ ಖರ್ಚು ಮಾತ್ರ ಊರಿನ ಮೇಲೆಯೇ ಉಳಿಯಿತು. ಹಾಗಾಗಿ ಇಂದಿಗೂ ಅಲ್ಲಿ ಸಿರಿವಂತ ಊರಿನ ಶಾಲೆಯ ಛಾವಣಿಗೂ ಬಡ ಊರಿನ ಶಾಲೆಯ ಛಾವಣಿಗೂ ವ್ಯತ್ಯಾಸ ಕಾಣುತ್ತದೆ.

ಪರರ ಮಕ್ಕಳ ಓದಿಗೆ ನಾನೇಕೆ ಕೊಡಲಿ ಎಂಬ ವಾದವೂ ಮಿಶಿಗನ್‌ನಲ್ಲೇ ಹಿಂದೊಮ್ಮೆ ನ್ಯಾಯಾಲಯದ ಮೆಟ್ಟಿಲೇರಿತ್ತು. ಪ್ರಾಥಮಿಕ ಶಾಲೆಗೆ ತೆರಿಗೆ ಹಾಕಿದರೆ ಸರಿ, ಹೈಸ್ಕೂಲಿಗೂ ಏಕೆ ಎಂದು ಕಲಮಜೂ ಊರಿನ ಕೆಲವು ತೆರಿಗೆದಾರರು, ಮಾಜಿ ಸೆನೆಟರ್ ಚಾರ್ಲ್ಸ್ ಸ್ಟುವರ್ಟ್ ಅವರನ್ನು ಮುಂದಿಟ್ಟುಕೊಂಡು ದಾವೆ ಹೂಡಿದರು. 1874ರಲ್ಲಿ ನ್ಯಾಯಮೂರ್ತಿ ಥಾಮಸ್ ಕೂಲಿ ಬರೆದ ತೀರ್ಪು, ಮತದಾರರು ಒಪ್ಪಿದರೆ ಹೈಸ್ಕೂಲಿಗೂ ತೆರಿಗೆ ಹಾಕಬಹುದೆಂದಿತು. ದೇಶದ ಬೇರೆ ಭಾಗಗಳಲ್ಲಿ ಹೈಸ್ಕೂಲುಗಳು ಹಬ್ಬಲು ಅದು ಆಧಾರವಾಯಿತು. ಇದಕ್ಕೂ ಬಹಳ ಹಿಂದೆ, 1647ರಲ್ಲಿ, ಮ್ಯಾಸಚೂಸೆಟ್ಸ್ ವಸಾಹತು ಐವತ್ತು ಮನೆಗಳಿರುವ ಪ್ರತಿ ಊರೂ ಓದು ಬರಹ ಕಲಿಸುವ ಒಬ್ಬರನ್ನು ನೇಮಿಸಿಕೊಳ್ಳಬೇಕೆಂದು ವಿಧಿಸಿತ್ತು. ಊರೇ ಶಾಲೆ ನಡೆಸಬೇಕೆಂಬ ಕಲ್ಪನೆಯ ಬೇರು ಅಷ್ಟು ಹಳೆಯದು, ಅದರ ಜೊತೆಗಿನ ಗೊಣಗಾಟವೂ ಹೆಚ್ಚುಕಡಿಮೆ ಅಷ್ಟೇ ಹಳೆಯದಿರಬೇಕು.

ಆದರೆ ಊರಿನ ತೆರಿಗೆಯನ್ನು ಬೆಂಬಲಿಸುವವರು ಎದುರಿಸಲೇಬೇಕಾದ ಗಟ್ಟಿಯಾದ ಆಕ್ಷೇಪಣೆ ಇನ್ನೊಂದಿದೆ, ಅದು ಎಡಪಂಥೀಯರ ಕಡೆಯಿಂದ ಬರುತ್ತದೆ. ಆಸ್ತಿಯ ಮೇಲಿನ ತೆರಿಗೆ ಆಸ್ತಿ ಇದ್ದ ಕಡೆ ಮಾತ್ರ ಹಣ ತರುತ್ತದೆ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ನಗರದ ಎರಡು ಶಾಲಾ ಜಿಲ್ಲೆಗಳ 1967–68ರ ಲೆಕ್ಕವನ್ನು ಸುಪ್ರೀಂ ಕೋರ್ಟಿನ ದಾಖಲೆಯಿಂದಲೇ ನೋಡಬಹುದು. ಬಡವರೇ ಹೆಚ್ಚಾಗಿದ್ದ ಎಜ್‌ವುಡ್ ಜಿಲ್ಲೆಯವರು ಪ್ರತಿ 100 ಡಾಲರ್ ಮೌಲ್ಯಕ್ಕೆ 1.05 ಡಾಲರ್ ತೆರಿಗೆ ಕಟ್ಟಿ, ಪ್ರತಿ ವಿದ್ಯಾರ್ಥಿಗೆ ಸ್ಥಳೀಯವಾಗಿ ಎತ್ತಲು ಸಾಧ್ಯವಾದದ್ದು 26 ಡಾಲರ್. ಸಿರಿವಂತರ ಅಲಾಮೊ ಹೈಟ್ಸ್ ಜಿಲ್ಲೆಯವರು 85 ಸೆಂಟ್ ಮಾತ್ರ ಕಟ್ಟಿ ಎತ್ತಿದ್ದು 333 ಡಾಲರ್. ಹೆಚ್ಚು ದರ ಕಟ್ಟಿದವರಿಗೆ ಕಡಿಮೆ ಹಣ, ಕಡಿಮೆ ದರ ಕಟ್ಟಿದವರಿಗೆ ಸುಮಾರು ಹದಿಮೂರು ಪಟ್ಟು ಹಣ. ರಾಜ್ಯ ಮತ್ತು ಕೇಂದ್ರದ ನೆರವು ಸೇರಿದ ಮೇಲೂ ಲೆಕ್ಕ 356ಕ್ಕೆ 594 ಆಗಿಯೇ ಉಳಿಯಿತು. ಡೆಮೆಟ್ರಿಯೊ ರೊಡ್ರಿಗಸ್ ಮತ್ತು ಇತರ ಪೋಷಕರು ಹೂಡಿದ ಈ ಮೊಕದ್ದಮೆಯಲ್ಲಿ 1973ರಲ್ಲಿ ಸುಪ್ರೀಂ ಕೋರ್ಟು ಐವರಿಗೆ ನಾಲ್ವರ ಬಹುಮತದಿಂದ, ಶಿಕ್ಷಣವು ಕೇಂದ್ರ ಸಂವಿಧಾನ ಖಾತರಿಪಡಿಸಿದ ಮೂಲಭೂತ ಹಕ್ಕಲ್ಲ, ಈ ಪದ್ಧತಿ ಸಂವಿಧಾನಬಾಹಿರವೂ ಅಲ್ಲ ಎಂದಿತು. ನ್ಯಾಯಮೂರ್ತಿ ತರ್ಗುಡ್ ಮಾರ್ಷಲ್ ಕಟುವಾದ ಭಿನ್ನಮತ ಬರೆದರು.

ಅದರ ನಂತರ ಹೋರಾಟ ರಾಜ್ಯಗಳ ನ್ಯಾಯಾಲಯಗಳಿಗೆ ಹೋಯಿತು. ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯ 1971ರಲ್ಲೇ, ಬಾಲ್ಡ್‌ವಿನ್ ಪಾರ್ಕ್‌ನವರು ಬೆವರ್ಲಿ ಹಿಲ್ಸ್‌ನವರ ಎರಡು ಪಟ್ಟಿಗೂ ಮಿಕ್ಕಿದ ದರದಲ್ಲಿ ತೆರಿಗೆ ಕಟ್ಟಿ ಅವರ ಅರ್ಧದಷ್ಟನ್ನೂ ಮಕ್ಕಳ ಮೇಲೆ ಖರ್ಚು ಮಾಡಲಾಗದ ಸ್ಥಿತಿಯನ್ನು ಗುರುತಿಸಿತ್ತು. ಟೆಕ್ಸಸ್‌ನಲ್ಲಿ ಎಜ್‌ವುಡ್ 1989ರಲ್ಲಿ ರಾಜ್ಯದ ನ್ಯಾಯಾಲಯದಲ್ಲಿ ಗೆದ್ದ ಬಳಿಕ, ಸಿರಿವಂತ ಜಿಲ್ಲೆಗಳ ತೆರಿಗೆಯ ಒಂದು ಭಾಗವನ್ನು ಬಡ ಜಿಲ್ಲೆಗಳಿಗೆ ಹಂಚುವ ವ್ಯವಸ್ಥೆ 1993ರಲ್ಲಿ ಬಂತು. ಜನ ಅದಕ್ಕೆ ರಾಬಿನ್ ಹುಡ್ ಎಂದು ಹೆಸರಿಟ್ಟರು. ಒಹಾಯೊದ ನ್ಯಾಯಾಲಯ 1997ರಿಂದ 2002ರ ನಡುವೆ ಡಿರಾಲ್ಫ್ ಮೊಕದ್ದಮೆಯಲ್ಲಿ ನಾಲ್ಕು ಬಾರಿ ತೀರ್ಪಿತ್ತು, ಆಸ್ತಿ ತೆರಿಗೆಯ ಮೇಲಿನ ಅತಿಯಾದ ಅವಲಂಬನೆ ತಪ್ಪೆಂದು ಹೇಳಿ, ಕೊನೆಗೆ ಜಾರಿಯ ಹೊಣೆಯನ್ನು ಶಾಸಕಾಂಗಕ್ಕೇ ಬಿಟ್ಟು ಕೈ ತೊಳೆದುಕೊಂಡಿತು.

ಈ ಅನ್ಯಾಯ ಗೊತ್ತಿದ್ದೂ ಊರಿನ ಲೆವಿಯ ಪರ ಮತ ಹಾಕುವುದು ಹೇಗೆ ಎಂದು ಕೇಳಬಹುದು. ನನ್ನ ಉತ್ತರ ಇದು: ರಾಜ್ಯದ ಸೂತ್ರ ಬದಲಾಗಲು ಹತ್ತಿಪ್ಪತ್ತು ವರ್ಷ ಹಿಡಿಯುತ್ತದೆ, ಎಜ್‌ವುಡ್ ಮೊಕದ್ದಮೆಯ ಇತಿಹಾಸವೇ ಅದಕ್ಕೆ ಸಾಕ್ಷಿ. ಒಂದನೆಯ ತರಗತಿಯಲ್ಲಿ ಇಂದು ಕೂತಿರುವ ಮಗು ಹನ್ನೆರಡು ವರ್ಷಗಳಲ್ಲಿ ಶಾಲೆಯಿಂದಲೇ ಹೊರಗೆ ಹೋಗಿರುತ್ತದೆ. ಒಂದು ಮಧ್ಯಮ ಸ್ಥಿತಿಯ ಜಿಲ್ಲೆ ತನ್ನ ಲೆವಿಯನ್ನು ಸೋಲಿಸಿದರೆ ಬಡ ಜಿಲ್ಲೆಗೆ ಒಂದು ಕಾಸೂ ಹೆಚ್ಚು ಸಿಗುವುದಿಲ್ಲ. ಆದರೆ ಎಜ್‌ವುಡ್‌ನಂಥ ಊರಿನಲ್ಲಿ ಸ್ಥಳೀಯ ತೆರಿಗೆ ಏರಿಸಿ ಎಂದು ಉಪದೇಶಿಸುವುದು ಅರ್ಥಹೀನ. ಅಲ್ಲಿನವರು ಆಗಲೇ ಹೆಚ್ಚು ದರ ಕಟ್ಟುತ್ತಿದ್ದರು.

ಹಣ ಹೆಚ್ಚಿದರೆ ಕಲಿಕೆ ಹೆಚ್ಚುತ್ತದೆಯೇ ಎಂಬುದು ಅರ್ಥಶಾಸ್ತ್ರಜ್ಞರ ನಡುವೆ ದಶಕಗಳ ಕಾಲ ನಡೆದ ಜಗಳ. 1966ರ ಕೋಲ್‌ಮನ್ ವರದಿ ಶಾಲೆಯ ಸೌಕರ್ಯಗಳಿಗಿಂತ ಮನೆಯ ಹಿನ್ನೆಲೆಯೇ ಅಂಕಗಳನ್ನು ಹೆಚ್ಚು ನಿರ್ಧರಿಸುತ್ತದೆ ಎಂದಿತು, ಎರಿಕ್ ಹನುಶೆಕ್ ಅವರಂಥ ವಿದ್ವಾಂಸರು ಖರ್ಚಿಗೂ ಫಲಿತಾಂಶಕ್ಕೂ ಸ್ಥಿರವಾದ ಸಂಬಂಧ ಕಾಣುವುದಿಲ್ಲವೆಂದು ವಾದಿಸಿದರು. ಮಿಸೌರಿಯ ಕಾನ್ಸಾಸ್ ಸಿಟಿ ಆ ವಾದಕ್ಕೆ ಪದೇ ಪದೇ ಕೊಡುವ ಉದಾಹರಣೆ. ವರ್ಣಭೇದ ನಿವಾರಣೆಯ ಮೊಕದ್ದಮೆಯಲ್ಲಿ ಕೇಂದ್ರ ನ್ಯಾಯಾಧೀಶರೊಬ್ಬರು ಅಲ್ಲಿನ ಆಸ್ತಿ ತೆರಿಗೆಯನ್ನು 100 ಡಾಲರಿಗೆ 2.05ರಿಂದ 4 ಡಾಲರಿಗೆ ಏರಿಸುವಂತೆ ಆದೇಶಿಸಿದ್ದರು. ಈಜುಕೊಳ, ಪ್ರಯೋಗಾಲಯಗಳೆಲ್ಲ ಬಂದವು, ಆದರೆ ಪರೀಕ್ಷೆಯ ಅಂಕಗಳು ನಿರೀಕ್ಷಿಸಿದಂತೆ ಏರಲಿಲ್ಲ. ನೇಮಕಾತಿ ಮತ್ತು ಪಾಠದ ಗುಣಮಟ್ಟವನ್ನು ಬಿಟ್ಟು ಕಟ್ಟಡಕ್ಕೆ ಹಣ ಸುರಿದರೆ ಏನಾಗುತ್ತದೆ ಎಂಬ ಪಾಠವೆಂದು ನಾನದನ್ನು ಓದುತ್ತೇನೆ.

ಸಿರಿವಂತ ಊರಿನ ಮಕ್ಕಳು ಹೇಗೂ ಚೆನ್ನಾಗಿ ಓದುತ್ತಾರೆ, ಕಷ್ಟದಲ್ಲಿರುವ ಶಾಲೆಗೆ ಹೆಚ್ಚುವರಿ ನೆರವು ಹರಿಯುತ್ತದೆ. ಹೀಗಾಗಿ ಖರ್ಚು ಮತ್ತು ಅಂಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಿಜ ಕಾಣುವುದಿಲ್ಲ. ಕಿರಾಬೊ ಜಾಕ್ಸನ್, ರಕರ್ ಜಾನ್ಸನ್ ಮತ್ತು ಕ್ಲಾಡಿಯಾ ಪರ್ಸಿಕೊ 2016ರಲ್ಲಿ ಪ್ರಕಟಿಸಿದ ಅಧ್ಯಯನ ಈ ತೊಡಕನ್ನು ಜಾಣತನದಿಂದ ಬಿಡಿಸಿತು. ನ್ಯಾಯಾಲಯದ ಆದೇಶಗಳಿಂದ, ಅಂದರೆ ಆ ಮಕ್ಕಳ ಗುಣಕ್ಕೆ ಸಂಬಂಧವಿಲ್ಲದ ಕಾರಣದಿಂದ, ಅನುದಾನ ಬದಲಾದ ಜಿಲ್ಲೆಗಳ ಮಕ್ಕಳನ್ನು ಅವರು ದೊಡ್ಡವರಾಗುವ ತನಕ ಹಿಂಬಾಲಿಸಿದರು. ಹನ್ನೆರಡು ವರ್ಷಗಳ ಶಾಲಾ ಅವಧಿಯುದ್ದಕ್ಕೂ ತಲಾ ವೆಚ್ಚ ಶೇ. 10ರಷ್ಟು ಹೆಚ್ಚಿದ್ದ ಕಡೆ, ಆ ಮಕ್ಕಳು ಮುಂದೆ ಪಡೆದ ಕೂಲಿ ಸುಮಾರು ಶೇ. 7ರಷ್ಟು ಹೆಚ್ಚಿತ್ತು, ವಯಸ್ಕರಾದ ಮೇಲೆ ಬಡತನಕ್ಕೆ ಬೀಳುವ ಪ್ರಮಾಣ 3.2 ಶೇಕಡಾ ಅಂಶದಷ್ಟು ಇಳಿದಿತ್ತು. ಬಡ ಕುಟುಂಬಗಳ ಮಕ್ಕಳಲ್ಲಿ ಪರಿಣಾಮ ಇನ್ನೂ ದೊಡ್ಡದು. ಗಮನಿಸಬೇಕಾದ್ದು ಹನ್ನೆರಡು ವರ್ಷ ಎಂಬ ಪದಗಳನ್ನು. ಐದು ವರ್ಷಕ್ಕೊಮ್ಮೆ ಸೋಲು ಗೆಲುವಿನ ಜೂಜಾಟಕ್ಕೆ ಸಿಕ್ಕುವ ಲೆವಿಯಿಂದ ಅಂಥ ಸ್ಥಿರತೆ ಸಿಗುವುದು ಕಷ್ಟ.

ಮಕ್ಕಳಿಲ್ಲದ ಮನೆಯವರಿಗೆ ಇದರಿಂದ ಏನು ಲಾಭ ಎಂಬ ಪ್ರಶ್ನೆಗೂ ಒಂದು ಅಚ್ಚುಕಟ್ಟಾದ ಅಧ್ಯಯನವಿದೆ. ಸ್ಟೆಫನಿ ಸೆಲ್ಲಿನಿ, ಫರ್ನಾಂಡೊ ಫೆರೇರಾ ಮತ್ತು ಜೆಸ್ಸಿ ರಾತ್‌ಸ್ಟೀನ್ 2010ರಲ್ಲಿ, ಕ್ಯಾಲಿಫೋರ್ನಿಯದಲ್ಲಿ ಶಾಲಾ ಕಟ್ಟಡದ ಬಾಂಡ್ ಕೂದಲೆಳೆಯಲ್ಲಿ ಗೆದ್ದ ಜಿಲ್ಲೆಗಳನ್ನೂ ಕೂದಲೆಳೆಯಲ್ಲಿ ಸೋತ ಜಿಲ್ಲೆಗಳನ್ನೂ ಹೋಲಿಸಿದರು. ಉಳಿದೆಲ್ಲ ವಿಷಯದಲ್ಲಿ ಒಂದೇ ತರಹದ ಊರುಗಳು. ತೆರಿಗೆ ಏರಿದ ಊರಿನಲ್ಲಿ, ಏರಿದ ತೆರಿಗೆಯ ಹೊರೆ ಇದ್ದೂ, ಮನೆಗಳ ಬೆಲೆ ಹೆಚ್ಚಿತು. ಬಾಂಡ್ ಎಂದರೆ ಕಟ್ಟಡಕ್ಕಾಗಿ ಎತ್ತುವ ಸಾಲ, ಅದರ ಕಂತು ಕಟ್ಟಲು ಬೇರೆ ತೆರಿಗೆ. ಆ ಹಣದಿಂದ ಶಿಕ್ಷಕರ ಸಂಬಳ ಕೊಡುವಂತಿಲ್ಲ. ಹೊಸ ಕ್ರೀಡಾಂಗಣ ಏಳುತ್ತಿರುವಾಗಲೇ ಶಿಕ್ಷಕರನ್ನು ತೆಗೆದುಹಾಕುತ್ತಿದ್ದಾರೆ ಎಂದು ಕೆರಳುವವರಿಗೆ ಈ ಒಂದು ವ್ಯತ್ಯಾಸವನ್ನು ಮೊದಲೇ ವಿವರಿಸಿದ್ದರೆ ಅರ್ಧ ಜಗಳ ತಪ್ಪುತ್ತಿತ್ತು.

ನನಗೆ ನಿಜವಾಗಿ ಕಷ್ಟವೆನಿಸುವ ಆಕ್ಷೇಪಣೆ ವೃದ್ಧರದು. ನಲವತ್ತು ವರ್ಷದ ಹಿಂದೆ ಕೊಂಡ ಮನೆಯ ಬೆಲೆ ಕಾಗದದ ಮೇಲೆ ಏರಿದೆ, ಪಿಂಚಣಿ ಮಾತ್ರ ಏರಿಲ್ಲ. ಆಸ್ತಿ ತೆರಿಗೆ ಆದಾಯವನ್ನು ನೋಡದೆ ಗೋಡೆಗಳನ್ನು ನೋಡುವ ತೆರಿಗೆ. ಅವರ ಸಂಕಟವನ್ನು ಜಿಪುಣತನವೆಂದು ತಳ್ಳಿಹಾಕುವುದು ತಪ್ಪು. ಪರಿಹಾರಗಳು ಇಲ್ಲದಿಲ್ಲ. ತೆರಿಗೆ ಆದಾಯದ ಇಂತಿಷ್ಟು ಪಾಲನ್ನು ಮೀರಿದರೆ ಮಿಕ್ಕದ್ದನ್ನು ರಾಜ್ಯ ಹಿಂದಿರುಗಿಸುವ ಸರ್ಕ್ಯೂಟ್ ಬ್ರೇಕರ್ ಎಂಬ ಪದ್ಧತಿಯನ್ನು ವಿಸ್ಕಾನ್ಸಿನ್ 1964ರಲ್ಲೇ ವೃದ್ಧರಿಗಾಗಿ ಆರಂಭಿಸಿತು. ಒಹಾಯೊದಲ್ಲಿ ಜಿಲ್ಲೆಗಳು ಆಸ್ತಿ ತೆರಿಗೆಯ ಬದಲು, ಮತದಾರರ ಒಪ್ಪಿಗೆ ಪಡೆದು, ದುಡಿಮೆಯ ಆದಾಯದ ಮೇಲೆ ಮಾತ್ರ ಬೀಳುವ, ಪಿಂಚಣಿಯನ್ನು ಮುಟ್ಟದ ತೆರಿಗೆಯನ್ನು ಆರಿಸಿಕೊಳ್ಳಬಹುದು. ಜಾರ್ಜಿಯಾದ ಕಾಬ್ ಕೌಂಟಿಯಂತೆ 62 ದಾಟಿದ ಎಲ್ಲರಿಗೂ, ಸಿರಿವಂತರಿಗೂ ಸೇರಿ, ಮನೆಯ ಶಾಲಾ ತೆರಿಗೆಯಿಂದಲೇ ವಿನಾಯಿತಿ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಅಲ್ಲಿ ಬಿಟ್ಟ ಹೊರೆ ಎಳೆಯ ಸಂಸಾರಗಳ ತಲೆಗೆ ಬಂದು ಕೂರುತ್ತದೆ.

ಹಾಗೆಂದು ಕೇಳಿದ್ದಕ್ಕೆಲ್ಲ ತಲೆಯಾಡಿಸಬೇಕೆಂದಿಲ್ಲ. ಪ್ರಸ್ತಾವ ಹೊಸ ತೆರಿಗೆಯೋ, ಮುಗಿಯುತ್ತಿರುವ ಹಳೆಯದರ ನವೀಕರಣವೋ ಎಂಬುದನ್ನು ಮೊದಲು ನೋಡಬೇಕು, ಏಕೆಂದರೆ ನವೀಕರಣವನ್ನು ಸೋಲಿಸಿದರೆ ಏರಿಕೆ ತಪ್ಪುವುದಿಲ್ಲ, ಈಗ ಬರುತ್ತಿರುವ ಹಣವೇ ನಿಲ್ಲುತ್ತದೆ. ಮಂಡಳಿ ತನ್ನ ಮುಂದಿನ ವರ್ಷಗಳ ಹಣಕಾಸಿನ ಮುನ್ನೋಟವನ್ನು ಪ್ರಕಟಿಸಿದೆಯೇ, ಕೈಯಲ್ಲಿರುವ ಮೀಸಲು ಎಷ್ಟು ತಿಂಗಳಿಗೆ ಸಾಕು, ಮಕ್ಕಳ ಸಂಖ್ಯೆ ಇಳಿಯುತ್ತಿದ್ದರೂ ಕಟ್ಟಡಗಳ ಸಂಖ್ಯೆ ಹಾಗೆಯೇ ಇದೆಯೇ ಎಂದು ಕೇಳುವುದು ವಿರೋಧವಲ್ಲ. ಜನ ಬರದ ದಿನವನ್ನು ಹುಡುಕಿ ಮತದಾನ ಇಡುವ ಮಂಡಳಿಗಳ ಬಗ್ಗೆ ನನಗೆ ಅಸಮಾಧಾನವಿದೆ. ಗೆದ್ದರೂ ಆ ಗೆಲುವಿನ ಕಹಿ ಮುಂದಿನ ಲೆವಿಯ ಬಾಯಿಗೆ ಬರುತ್ತದೆ.

ಸೋತ ಊರಿನಲ್ಲಿ ಶಾಲೆ ಮರುದಿನವೇ ಮುಚ್ಚುವುದಿಲ್ಲ. ಕಲ್ಕಾಸ್ಕಾ ಅಪರೂಪದ ಪ್ರಕರಣ. ನ್ಯೂಯಾರ್ಕ್‌ನಲ್ಲಿ ಬಜೆಟ್ ಎರಡು ಸಲ ಸೋತರೆ ತೆರಿಗೆಯನ್ನು ಹಿಂದಿನ ವರ್ಷಕ್ಕಿಂತ ಒಂದು ಡಾಲರೂ ಏರಿಸದ ತುರ್ತು ಬಜೆಟ್ಟಿಗೆ ಇಳಿಯಬೇಕಾಗುತ್ತದೆ. ಒಹಾಯೊದಲ್ಲಿ ಮೊದಲು ಕತ್ತರಿ ಬೀಳುವ ಜಾಗಗಳಲ್ಲಿ ಒಂದು ಬಸ್ಸು. ಶಾಲೆಯಿಂದ ಎರಡು ಮೈಲಿಗಿಂತ ದೂರದಲ್ಲಿರುವ ಎಂಟನೆಯ ತರಗತಿ ತನಕದ ಮಕ್ಕಳನ್ನು ಕರೆತರುವುದು ಮಾತ್ರ ಕಾನೂನಿನ ಪ್ರಕಾರ ಕಡ್ಡಾಯವಾದ್ದರಿಂದ, ಜಿಲ್ಲೆ ಆ ಕನಿಷ್ಠಕ್ಕೆ ಇಳಿದಾಗ ಎರಡು ಮೈಲಿಯ ಒಳಗಿನವರಿಗೂ ಹೈಸ್ಕೂಲಿನವರಿಗೂ ಬಸ್ಸು ನಿಲ್ಲುತ್ತದೆ. ಆಮೇಲೆ ಫುಟ್‌ಬಾಲ್ ತಂಡಕ್ಕೋ ವಾದ್ಯವೃಂದಕ್ಕೋ ಸೇರಲು ಶುಲ್ಕ ಬರುತ್ತದೆ. ತಿಂಗಳಿಗೆ 29 ಡಾಲರ್ ಬೇಡವೆಂದ ಊರಿನಲ್ಲಿ, ಬೆಳಿಗ್ಗೆ ಏಳು ಗಂಟೆಗೆ ಶಾಲೆಯ ಮುಂದೆ ಮಕ್ಕಳನ್ನು ಇಳಿಸಲು ಸಾಲುಗಟ್ಟಿ ನಿಂತ ಕಾರುಗಳಲ್ಲಿ ಪೆಟ್ರೋಲು ಉರಿಯುತ್ತಿರುತ್ತದೆ. ಕಾರಿಲ್ಲದ ಮನೆಯ ಹುಡುಗ ಒಂದೂಮುಕ್ಕಾಲು ಮೈಲಿ ನಡೆದು ಬರುತ್ತಾನೆ.